ಕಿಟ್ಟ, ಏರಿ, ಬೂದಿ: ಜಂಬುನಾಥ ಬೆಟ್ಟದಿಂದ ನಿಂಬಾಪುರದವರೆಗಿನ ಹಾದಿಯ ಸ್ಥಳಕಥನಗಳು

ಹೊಸಪೇಟೆಯ ದಕ್ಷಿಣಕ್ಕೆ ಎರಡು ಬೆಟ್ಟಗಳ ನಡುವಿನ ಕಂಡಿಯನ್ನು ಅಡ್ಡಗಟ್ಟಿ ನಿಂತ ಬೃಹತ್ತಾದ ಮಣ್ಣಿನ ಏರಿಯೊಂದಿದೆ. ಇದು ಕೃಷ್ಣದೇವರಾಯನು ಕಟ್ಟಿಸಿದ ರಾಯರ ಕೆರೆಯ ಏರಿ. ಹೆದ್ದಾರಿ ಇದರ ಮೇಲೆಯೇ ಹಾದುಹೋಗುವುದರಿಂದ, ತಾವು ಕೆರೆಯ ಏರಿಯ ಮೇಲೆ ಸಾಗುತ್ತಿದ್ದೇವೆಂಬ ಅರಿವು ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ. ಕೆರೆಯಂಗಳ ಹೊಲವಾಗಿದೆ. ಏರಿಯ ಪಕ್ಕದಲ್ಲಿ ಜಂಬುನಾಥ ಬೆಟ್ಟ. ಅಲ್ಲಿಂದ ಹೊಸಪೇಟೆ, ಅನಂತಶಯನಗುಡಿ, ಕಮಲಾಪುರಗಳ ಮೂಲಕ ತುಂಗಭದ್ರೆಯ ದಂಡೆಯ ನಿಂಬಾಪುರಕ್ಕೆ ಸುಮಾರು 20 ಕಿಲೋಮೀಟರುಗಳ ಹಾದಿ. ಒಂದು ಹಗಲಿನ ನಡಿಗೆ. ಹಂಪಿಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಗುಡಿಗೋಪುರಗಳಿಂದ ಆರಂಭವಾಗುತ್ತವೆ. ಈ ಹಾದಿಯಲ್ಲಾದರೋ ಅದಿರು ಅಗೆದವರು, ಮಣ್ಣು ಹೊತ್ತವರು ಮತ್ತು ದನ ಕಾಯ್ದವರು ಬಿಟ್ಟುಹೋದ ಕುರುಹುಗಳೇ ಮುಖ್ಯವಾಗುತ್ತವೆ. ಇವುಗಳಲ್ಲಿ ಯಾವುದಕ್ಕೆ ಜನಪದವು ಕಥೆ ಕಟ್ಟಿತು, ಯಾವುದಕ್ಕೆ ಕಟ್ಟಲಿಲ್ಲ ಎಂಬುದು ವಿಚಾರಾರ್ಹವಾದ ಸಂಗತಿ.

ಏರಿಯ ನಿರ್ಮಾಣವನ್ನು ಕಣ್ಣಾರೆ ಕಂಡವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್. 1520ರ ಸುಮಾರಿಗೆ ಇಲ್ಲಿಗೆ ಬಂದ ಆತನು, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಏರಿ ಎರಡು ಮೂರು ಬಾರಿ ಒಡೆಯಿತು. ದೇವರು ಮುನಿದಿರುವನೆಂದೂ ರಕ್ತವನ್ನು ಬಯಸುವನೆಂದೂ ಬ್ರಾಹ್ಮಣರು ತಿಳಿಸಲಾಗಿ, ಅರಸನು ಅರವತ್ತು ಜನರ ತಲೆಗಳನ್ನೂ ಕುದುರೆ ಕೋಣಗಳನ್ನೂ ಬಲಿಗೊಡಿಸಿದನೆಂದು ಆತನು ಬರೆಯುತ್ತಾನೆ. ಕೆಲವು ವರ್ಷಗಳ ನಂತರ ಬರೆದ ನೂನಿಜ್, ಬಲಿಯಾದವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ಹೇಳಿ, ಕೆಲಸಕ್ಕೆ ನೆರವಾದ ಪೋರ್ಚುಗೀಸ್ ಕಲ್ಲುಕೆಲಸದವನ ಹೆಸರನ್ನೂ ಕೊಡುತ್ತಾನೆ: ಜೊವಾವೊ ದೆ ಲಾ ಪೊಂತೆ. ಹೊರಗಿನಿಂದ ಬಂದ ಕುಶಲಿಯ ಹೆಸರು ಉಳಿಯಿತು. ಬಲಿಯಾದವರು ಸಂಖ್ಯೆಯಾಗಿ ಮಾತ್ರ ಉಳಿದರು.

ಇದೇ ಆಶಯವನ್ನುಳ್ಳ 'ಕೆರೆಗೆ ಹಾರ' ಎಂಬ ಕಥನಗೀತೆಯನ್ನು ಇಲ್ಲಿ ನೆನೆಯಬೇಕಾಗುತ್ತದೆ. ನೀರು ಬಾರದ ಕೆರೆಗೆ ಮನೆಯ ಕಿರಿಯ ಸೊಸೆಯನ್ನು ಆಹುತಿ ಕೊಡುವ ಕಥೆಯದು. ಆ ಗೀತೆಗೂ ರಾಯರ ಕೆರೆಗೂ ನೇರವಾದ ಸಂಬಂಧವಿದೆಯೆಂದು ಹೇಳಲು ಆಧಾರವಿಲ್ಲ; ಹಾಗೆ ಗಂಟುಹಾಕುವುದು ಸುಲಭವಾದರೂ ಸಾಧುವಲ್ಲ. ಆದರೆ ಚರಿತ್ರೆಯ ದಾಖಲೆ ಅರವತ್ತು ಎಂದು ಎಣಿಸಿ ಮುಂದೆ ಸಾಗಿದ ಎಡೆಯಲ್ಲಿ ಗರತಿಯರ ಹಾಡು ನಿಂತು, ಬಲಿಯಾದವಳಿಗೆ ಭಾಗೀರಥಿ ಎಂಬ ಹೆಸರನ್ನೂ ತವರನ್ನೂ ಗೆಳತಿಯನ್ನೂ ಗಂಡನ ದುಃಖವನ್ನೂ ಕೊಟ್ಟಿತೆಂಬುದು ಗಮನಾರ್ಹ. ಜನಪದ ಸಾಹಿತ್ಯವನ್ನು ಚರಿತ್ರೆಗೆ ಪೂರಕ ಆಕರವೆಂದು ಕರೆಯುವ ರೂಢಿ ಇಂಥ ಸಂದರ್ಭದಲ್ಲಿ ತೀರ ಸಪ್ಪೆಯಾಗಿ ಕೇಳಿಸುತ್ತದೆ.

ಏರಿಯಿಂದ ಬೆಟ್ಟದ ಕಡೆಗೆ ತಿರುಗಿದರೆ ಕಾಲಡಿಯ ಮಣ್ಣು ಕೆಂಪೇರುತ್ತದೆ. ಕುರುಚಲು ಕಾಡಿನ ನಡುವೆ ತೂಕವುಳ್ಳ ಕಪ್ಪುಗೆಂಪು ಕಲ್ಲುಗಳು. ಸಂಡೂರು ಬೆಟ್ಟಸಾಲಿನ ಈ ಅದಿರು ಉತ್ಕೃಷ್ಟ ದರ್ಜೆಯದು. ಸಂಡೂರಿನ ಕುಮಾರಸ್ವಾಮಿಯ ಬೆಟ್ಟಕ್ಕೆ ಲೋಹಾಚಲವೆಂಬ ಹೆಸರೇ ಇದೆ. ಹಿಂದಿನವರು ಬೆಟ್ಟವನ್ನು ಒಡೆಯುತ್ತಿರಲಿಲ್ಲ. ಮಳೆಗಾಳಿಗೆ ಸಡಿಲಗೊಂಡ ಮೆದು ಅದಿರನ್ನು ಆಯ್ದು, ಆಳವಿಲ್ಲದ ಗುಂಡಿಗಳಲ್ಲಿ ಅಗೆದು, ಮಣ್ಣಿನ ಕುಲುಮೆಯಲ್ಲಿ ಇದ್ದಲಿನೊಡನೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದರು. ಉಳಿದ ಕಸರೇ ಕಿಟ್ಟ. ಹೊಸಪೇಟೆ ಸೀಮೆಯ ಕಬ್ಬಿಣದಿಂದ ಕಮಲಾಪುರದಲ್ಲಿ ಆಲೆಮನೆಗಳಿಗೆ ಬೇಕಾದ ಕೊಪ್ಪರಿಗೆಗಳು ತಯಾರಾಗುತ್ತಿದ್ದವು. ವಿಜಯನಗರದ ಕಾಲುವೆಗಳು ಕಬ್ಬಿಗೆ ನೀರುಣಿಸಿದವು; ಬೆಟ್ಟವು ಆ ಕಬ್ಬಿನ ಹಾಲನ್ನು ಕಾಯಿಸುವ ಪಾತ್ರೆಯನ್ನು ಕೊಟ್ಟಿತು. ವಿಲಾಯತಿಯ ಅಗ್ಗದ ಕಬ್ಬಿಣ ಬಂದಮೇಲೆ ಇಲ್ಲಿನ ಕುಲುಮೆಗಳು ಆರಿಹೋದವು.

ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರು 1988ರಿಂದ 1997ರವರೆಗೆ ನಗರದ ಹೊರವಲಯದಲ್ಲಿ ಕಾಲ್ನಡಿಗೆಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ 700ಕ್ಕೂ ಹೆಚ್ಚು ನೆಲೆಗಳು ದಾಖಲಾದವು. ಕೆರೆ, ಕೋಟೆ, ಗುಡಿಗಳೊಂದಿಗೆ ಕಿಟ್ಟ ಚೆಲ್ಲಿದ ನೆಲೆಗಳೂ ಅವುಗಳಲ್ಲಿ ಸೇರಿವೆ. ಈ ಕೆಲಸ ಇನ್ನಷ್ಟು ದಕ್ಷಿಣಕ್ಕೆ, ಬೆಟ್ಟಗಳ ಒಳಕ್ಕೆ ಮುಂದುವರಿಯುವ ಮೊದಲೇ ಯಂತ್ರಗಳು ಬೆಟ್ಟವನ್ನೇರಿದವು. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ಗಣಿಗಾರಿಕೆ ಮಿತಿಮೀರಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಆಗಿನ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಿತು; 2013ರಲ್ಲಿ ಉತ್ಪಾದನೆಗೆ ಮಿತಿ ಹಾಕಿ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿತು. ಅರಣ್ಯ, ನೀರು, ರಾಜಸ್ವಗಳ ನಷ್ಟ ಚರ್ಚೆಯಾಯಿತು. ಹಳೆಯ ಗುಂಡಿಯೊಂದು ಹೊಸ ಗಣಿಯೊಳಗೆ ಕರಗಿದರೆ ಅದನ್ನು ನಷ್ಟವೆಂದು ಬರೆದಿಡುವ ಕಾಲಂ ಯಾವ ವರದಿಯಲ್ಲಿದ್ದೀತು? ಗುಡಿಗೆ ಬಿರುಕು ಬಂದರೆ ಭಕ್ತರು ದೂರುತ್ತಾರೆ. ಕಿಟ್ಟದ ಗುಡ್ಡೆಗೆ ಭಕ್ತರಿಲ್ಲ, ಸ್ಥಳಪುರಾಣವೂ ಇಲ್ಲ.

ಹೊಸಪೇಟೆಯನ್ನು ದಾಟಿ ಅನಂತಶಯನಗುಡಿ, ಮಲಪನಗುಡಿಗಳ ಮೂಲಕ ಕಮಲಾಪುರಕ್ಕೆ ಬರುವ ಹಾದಿ ಎಲ್ಲರಿಗೂ ಪರಿಚಿತ. ಅಲ್ಲಿಂದ ತಳವಾರಘಟ್ಟದ ಬಾಗಿಲನ್ನು ದಾಟಿ ನಿಂಬಾಪುರಕ್ಕೆ ಹೋದರೆ ಒಂದು ಬೂದಿದಿಬ್ಬ ಸಿಗುತ್ತದೆ. ಇದು ವಾಲಿಯನ್ನು ಸುಟ್ಟ ಸ್ಥಳವೆಂಬುದು ಐತಿಹ್ಯ. ಹಂಪಿಯ ಪರಿಸರವೇ ಕಿಷ್ಕಿಂಧೆಯೆಂಬ ನಂಬಿಕೆಯಲ್ಲಿ ಈ ಕಥೆ ಸಹಜವಾಗಿ ಕೂಡಿಕೊಂಡಿದೆ. ಬಳ್ಳಾರಿಯ ದಾರಿಯಲ್ಲಿರುವ ಕುಡತಿನಿಯ ದಿಬ್ಬವನ್ನು ಭೀಮನು ಕೊಂದ ಹಿಡಿಂಬಾಸುರನ ಚಿತೆಯೆನ್ನುತ್ತಾರೆ. ವಿದ್ವಾಂಸರ ಊಹೆಗಳೂ ಕಡಿಮೆ ವರ್ಣಮಯವಾಗಿರಲಿಲ್ಲ: ಜ್ವಾಲಾಮುಖಿಯ ಉಳಿಕೆ, ಕಬ್ಬಿಣದ ಕುಲುಮೆಯ ಕಸ, ವಿಜಯನಗರ ಕಾಲದ ಸಾಮೂಹಿಕ ಸಹಗಮನದ ಚಿತೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ಶಿಲಾಯುಗದವರ ದನದ ಸಗಣಿಯ ಬೂದಿಯೆಂದು ಗುರುತಿಸಿದರೂ ವಾದ ನಿಲ್ಲಲಿಲ್ಲ. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಉಟ್ನೂರಿನಲ್ಲಿ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಬೇಲಿಗೂಟಗಳ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ದೊರೆತವು. ಈ ದಿಬ್ಬಗಳು ಕ್ರಿ.ಪೂ. ಮೂರನೆಯ ಮತ್ತು ಎರಡನೆಯ ಸಹಸ್ರಮಾನದ ನವಶಿಲಾಯುಗದ ಪಶುಪಾಲಕರವೆಂಬುದು ಈಗ ಸ್ಥಿರಪಟ್ಟಿದೆ. ಹಳೇ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವಂಥ ಆಚರಣೆಗಳಲ್ಲಿ ಆ ಬೆಂಕಿಯ ಎಳೆಯನ್ನು ಆಲ್ಚಿನ್ ಹುಡುಕಿದರು. ನಾಲ್ಕು ಸಾವಿರ ವರ್ಷಗಳ ನಿರಂತರತೆಯನ್ನು ಒಪ್ಪುವುದು ಕಷ್ಟ. ಆದರೂ ಒಂದು ಮಾತು ನಿಜ: ಇಲ್ಲಿ ದೊಡ್ಡದೊಂದು ಬೆಂಕಿ ಉರಿದಿತ್ತೆಂಬ ಮುಖ್ಯಾಂಶವನ್ನು ಐತಿಹ್ಯ ತಪ್ಪಲಿಲ್ಲ. ಸುಟ್ಟದ್ದು ಏನೆಂಬುದರಲ್ಲಿ ಮಾತ್ರ ತಪ್ಪಿತು. ಗೊಲ್ಲರ ದೊಡ್ಡಿಯ ಜಾಗಕ್ಕೆ ವಾನರರಾಜನ ಚಿತೆ ಬಂದು ಕುಳಿತಿತು.

ಆ ಕಥೆ ದಿಬ್ಬಗಳನ್ನು ಪೂರ್ತಿಯಾಗಿ ಕಾಯಲಿಲ್ಲ. ಈ ಸೀಮೆಯ ಹಲವು ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರಿತು. ಆದರೂ ನಿಂಬಾಪುರದ ದಿಬ್ಬವನ್ನು ಕೇಳಿದವರಿಗೆ ಊರಿನವರು ತೋರಿಸಬಲ್ಲರು. ಕುಲುಮೆ ಎಲ್ಲಿತ್ತೆಂದು ಕೇಳಿದರೆ ಹಾಗೆ ಬೆರಳು ತೋರುವವರು ಅಪರೂಪ. ಹೆಸರು ಸುಳ್ಳಾದರೂ ಸ್ಥಳವನ್ನು ನೆನಪಿನಲ್ಲಿಡುತ್ತದೆ. ಕ್ಷೇತ್ರಕಾರ್ಯ ಕೈಗೊಳ್ಳುವವರು ಈ ಕಾರಣಕ್ಕಾಗಿ ಐತಿಹ್ಯವಿರುವ ನೆಲೆಗಳಿಗಿಂತ ಮೊದಲು ಐತಿಹ್ಯವಿಲ್ಲದ ನೆಲೆಗಳನ್ನು ದಾಖಲಿಸಬೇಕಾಗಿದೆ. ಗಣಿಗಳ ಅಂಚಿನ ಹಳ್ಳಿಗಳಲ್ಲಿ ಹೊಲಗಳ ಹೆಸರು, ಹಳ್ಳಗಳ ಹೆಸರು, ಕಮ್ಮಾರ ಮನೆತನಗಳ ವಲಸೆಯ ನೆನಪುಗಳನ್ನು ಸಂಗ್ರಹಿಸಬಲ್ಲ ಹಿರಿಯರು ಇರುವಾಗಲೇ ಆ ಕೆಲಸ ನಡೆಯಬೇಕು.

ನಿಂಬಾಪುರದ ದಿಬ್ಬದಲ್ಲಿ ಸಗಣಿಯು ಹೆಚ್ಚಿನ ತಾಪಕ್ಕೆ ಕರಗಿ ಗಾಜಿನಂತೆ ಗಟ್ಟಿಯಾದ ತುಣುಕುಗಳು ಕಾಣಸಿಗುತ್ತವೆ. ನೋಡುವುದಕ್ಕೆ ಕಬ್ಬಿಣದ ಕಿಟ್ಟದಂತೆಯೇ ಇರುತ್ತವೆ. ಹಿಂದಿನವರು ಇವನ್ನು ಕುಲುಮೆಯ ಕಸವೆಂದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಬೆಳಗ್ಗೆ ಬೆಟ್ಟದ ಬುಡದ ಕಲ್ಲನ್ನು ಎತ್ತಿ ನೋಡಿದವರಿಗೆ ಸಂಜೆ ಇಲ್ಲಿ ಆ ಗೊಂದಲ ಉಂಟಾಗುವುದಿಲ್ಲ. ಕಬ್ಬಿಣದ ಕಿಟ್ಟ ಕೈಯನ್ನು ಕೆಳಕ್ಕೆ ಜಗ್ಗುತ್ತದೆ. ಬೂದಿದಿಬ್ಬದ ತುಣುಕು ತೂತುತೂತಾಗಿ, ಹಗುರವಾಗಿರುತ್ತದೆ.