ಕಲಬುರಗಿ ಪ್ರಾಂತದ ಪಶುವೈದ್ಯ ಪರಂಪರೆಯಲ್ಲಿ ಬೆಕ್ಕು

ಕಲಬುರಗಿ ಪ್ರಾಂತದ ಜನರು ಪಶುವೈದ್ಯಶಾಲೆಯನ್ನು ವಾಡಿಕೆಯಲ್ಲಿ ‘ದನದ ದವಾಖಾನಿ’ ಎಂದು ಕರೆಯುತ್ತಾರೆ. ದನ ಎಂಬುದು ಕನ್ನಡ, ದವಾಖಾನಿ ಎಂಬುದು ಉರ್ದುವಿನಿಂದ ಬಂದುದು. ಈ ಎರಡು ಪದಗಳ ಕೂಟದಲ್ಲಿಯೇ ಪ್ರಾಂತದ ಪಶುವೈದ್ಯ ಚರಿತ್ರೆಯು ಸಂಗ್ರಹವಾಗಿದೆ ಎನ್ನಬಹುದು. ಚಿಕಿತ್ಸೆಯು ದೊರೆತದ್ದು ಉಳುವ, ಹಾಲು ಕೊಡುವ ದನಕ್ಕೆ. ಅದನ್ನು ಏರ್ಪಡಿಸಿದ್ದು ಅರಸನ ಆಡಳಿತ. ಆದರೆ ಅದೇ ಮನೆಯಲ್ಲಿ, ಅದೇ ಅಟ್ಟದ ಮೇಲೆ, ಕಾಳುಕಡಿಗಳನ್ನು ಇಲಿಗಳಿಂದ ಕಾಯುತ್ತಿದ್ದ ಬೆಕ್ಕಿಗೆ ಈ ಹೆಸರಿನಲ್ಲಿ ಸ್ಥಾನವಿಲ್ಲ. ಇದಕ್ಕೆ ಕಾರಣವೇನು, ಇಂದು ಮನೆಗೆ ತಂದ ಒಂದು ಬೆಕ್ಕಿನ ಮರಿಯ ಬಾಳಿನ ಮೇಲೆ ಇದರ ಪರಿಣಾಮವೇನು ಎಂಬುದನ್ನು, ಕಲಬುರಗಿ ನಗರವನ್ನೂ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರವನ್ನೂ ದೃಷ್ಟಿಯಲ್ಲಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

1. ಪ್ರಾಚೀನ ಪರಂಪರೆ

ಪಶುಚಿಕಿತ್ಸೆಯು ರಾಜಧರ್ಮದ ಅಂಗವೆಂಬ ಭಾವನೆ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಅಶೋಕನ ಎರಡನೆಯ ಬಂಡೆಗಲ್ಲು ಶಾಸನವು ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆಗಳೆರಡನ್ನೂ ಒಟ್ಟಿಗೆ ಹೇಳುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಿಲೆಯ ಮೇಲೆ ಆತನ 12 ಮತ್ತು 14ನೆಯ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಉಳಿದಿರುವುದರಿಂದ, ಈ ಸೀಮೆಯು ಆತನ ಆಜ್ಞೆಯ ವ್ಯಾಪ್ತಿಯೊಳಗಿದ್ದಿತೆಂಬುದರಲ್ಲಿ ಸಂಶಯವಿಲ್ಲ.

ಕನ್ನಡದಲ್ಲಿ ಪಶುವೈದ್ಯ ವಾಙ್ಮಯವು ಹುಟ್ಟಿದ್ದೂ ಈ ಸೀಮೆಗೆ ಸಮೀಪದಲ್ಲಿಯೇ. 1025ರಲ್ಲಿ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಶುಗಳ ಚಿಕಿತ್ಸೆಗೂ ಸ್ಥಳ ದೊರೆತಿದೆ. ಕ್ರಿ.ಶ. 1100ರ ಸುಮಾರಿಗೆ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಇದರಲ್ಲಿ ಔಷಧದೊಡನೆ ಮಂತ್ರವೂ ಬೆರೆತಿದೆ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಆನೆ ಕುದುರೆಗಳ ಲಕ್ಷಣ, ಪಾಲನೆಗಳನ್ನು ವಿಸ್ತಾರವಾಗಿ ವಿವರಿಸಿ, ಬೇಟೆನಾಯಿಯನ್ನೂ ಮರೆಯುವುದಿಲ್ಲ. ಈ ಗ್ರಂಥಗಳ ಪ್ರಾಣಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ತತ್ತ್ವವು ಗೋಚರವಾಗುತ್ತದೆ: ಯುದ್ಧಕ್ಕೆ ಆನೆ ಕುದುರೆ, ಬೇಸಾಯಕ್ಕೆ ಎತ್ತು, ಹೈನಕ್ಕೆ ಆಕಳು, ವಿನೋದಕ್ಕೆ ನಾಯಿ. ಒಡೆಯನ ಪ್ರಯೋಜನಕ್ಕೆ ತಕ್ಕಂತೆ ವೈದ್ಯವು ಬೆಳೆದಿದೆ.

2. ಬಹಮನಿ ಕಾಲ ಮತ್ತು ಸಲೋತ್ರಿ

1347ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾಯಿತು. ದಖ್ಖಣದ ಸುಲ್ತಾನರಿಗೆ ಕುದುರೆಯೇ ಬಲ. ಸಮುದ್ರದ ದಾರಿಯಿಂದ ಅಪಾರ ಬೆಲೆಗೆ ತರಿಸಿದ ಅರಬ್ಬೀ ಕುದುರೆಯು ಸತ್ತರೆ ಬೊಕ್ಕಸಕ್ಕೇ ನಷ್ಟ. ಆದಕಾರಣ ಅಶ್ವವೈದ್ಯಕ್ಕೆ ಆಸ್ಥಾನದ ಆಶ್ರಯ ದೊರೆಯಿತು. ಸಂಸ್ಕೃತದ ಶಾಲಿಹೋತ್ರ ಶಾಸ್ತ್ರವು ಅಹಮದ್ ಶಹಾ ವಲಿಯ ಆಶ್ರಯದಲ್ಲಿ ಪಾರಸಿಗೆ ಅನುವಾದವಾಯಿತು. ಶಾಲಿಹೋತ್ರ ಎಂಬ ಋಷಿಯ ಹೆಸರೇ ಹಿಂದುಸ್ತಾನಿಯಲ್ಲಿ ‘ಸಲೋತ್ರಿ’ ಎಂದಾಗಿ, ಕುದುರೆಯ ವೈದ್ಯನಿಗೆ ಮುಂದೆ ಸಾಮಾನ್ಯ ನಾಮವಾಗಿ ನಿಂತಿತು. ಬ್ರಿಟಿಷರ ಅಶ್ವದಳಗಳಲ್ಲಿಯೂ ಈ ಹೆಸರು ನಡೆಯಿತು. ಸಂಸ್ಕೃತ, ಪಾರಸಿ, ಉರ್ದು, ಕನ್ನಡಗಳು ಕೂಡಿದ ಇಂಥ ವಿದ್ಯಾವಿನಿಮಯವು ಈ ಪ್ರಾಂತದ ಹೆಮ್ಮೆಯೇ ಸರಿ. ಆದರೆ ಇಲ್ಲಿಯೂ ಲಾಯದ ಪ್ರಾಣಿಗೇ ಮನ್ನಣೆ.

3. ರಕ್ಷಣೆಯುಂಟು, ಚಿಕಿತ್ಸೆಯಿಲ್ಲ

ಹಾಗೆಂದು ಬೆಕ್ಕು ಅನಾದರಕ್ಕೆ ಗುರಿಯಾಗಿದ್ದಿತೆಂದು ತಿಳಿಯಬಾರದು. ಬೆಕ್ಕನ್ನು ಕೊಂದವನಿಗೆ ಮನುಸ್ಮೃತಿಯು ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಇಸ್ಲಾಮೀ ಸಂಪ್ರದಾಯದಲ್ಲಿ ಬೆಕ್ಕು ಮನೆಯವರ ನಡುವೆ ಸುಳಿದಾಡುವ ಜೀವಿಯಾದುದರಿಂದ ಅದು ಬಾಯಿಟ್ಟ ನೀರು ಅಶುದ್ಧವಲ್ಲವೆಂಬ ಮಾತುಂಟು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿಗೆ ಶಿಕ್ಷೆಯಾದ ಪ್ರಸಂಗವೂ ಹದೀಸಿನಲ್ಲಿ ಬರುತ್ತದೆ. ಖ್ವಾಜಾ ಬಂದೇನವಾಜರ ದರ್ಗಾವೂ ಶರಣಬಸವೇಶ್ವರರ ಗುಡಿಯೂ ಇರುವ ನಗರದಲ್ಲಿ ಈ ಎರಡು ಬಗೆಯ ಭಾವನೆಗಳೂ ಜನಜೀವನದಲ್ಲಿ ಬೆರೆತಿರುವುದು ಸಹಜ.

ಜನಪದ ಕಥೆಯೊಂದು ಇನ್ನೂ ಸ್ವಾರಸ್ಯವಾಗಿದೆ. ಇಲಿಗಳ ಕಾಟವನ್ನು ಕಳೆಯಲು ಕೃಷ್ಣದೇವರಾಯನು ಮನೆಮನೆಗೂ ಬೆಕ್ಕಿನ ಮರಿಯನ್ನು ಹಂಚಿ, ಅದಕ್ಕೆ ಹಾಲೂಡಿಸಲು ಒಂದೊಂದು ಆಕಳನ್ನೂ ಕೊಟ್ಟನಂತೆ; ತೆನಾಲಿ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಇಟ್ಟು, ಮರಿಯು ಮತ್ತೆಂದೂ ಹಾಲಿನತ್ತ ಸುಳಿಯದಂತೆ ಮಾಡಿದನಂತೆ. ಇದು ಇತಿಹಾಸವಲ್ಲ. ಆದರೂ ಜನರ ಕಲ್ಪನೆಯಲ್ಲಿ ಅರಸನು ಬೆಕ್ಕಿಗೆ ಕೊಡುವುದು ಆಹಾರವನ್ನೇ ಹೊರತು ವೈದ್ಯನನ್ನಲ್ಲ ಎಂಬುದು ಗಮನಾರ್ಹ. ಸುಟ್ಟ ಬಾಯಿಗೆ ಮದ್ದು ಹಾಕಿದವರಾರು ಎಂದು ಕಥೆಯೂ ಕೇಳುವುದಿಲ್ಲ, ಕೇಳಿದವರೂ ನಗುತ್ತಾರೆ. ಕೊಲ್ಲಬಾರದೆಂಬ ನಿಯಮ ಒಂದು, ಬದುಕಿಸಬೇಕೆಂಬ ವಿದ್ಯೆ ಮತ್ತೊಂದು. ಬೆಕ್ಕಿಗೆ ಮೊದಲನೆಯದು ದೊರೆತು ಎರಡನೆಯದು ದೊರೆಯದೆ ಹೋಯಿತು.

4. ಆಧುನಿಕ ವ್ಯವಸ್ಥೆ

ಭಾರತದಲ್ಲಿ ಆಧುನಿಕ ಪಶುವೈದ್ಯವನ್ನು ರೂಪಿಸಿದ್ದು ಮುಖ್ಯವಾಗಿ ದೊಡ್ಡರೋಗ, ಎಂದರೆ ರಿಂಡರ್‌ಪೆಸ್ಟ್ ಎಂಬ ಜಾನುವಾರು ಮಾರಿ. ಇದನ್ನು ಕುರಿತ ಆಯೋಗವು 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸೂಕ್ಷ್ಮಜೀವಿ ಪ್ರಯೋಗಶಾಲೆಯು 1893ರಲ್ಲಿ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಸಂಸ್ಥೆಯು ಹುಟ್ಟಿತು. ಈ ಪ್ರಯತ್ನಗಳ ಫಲವಾಗಿ 2006ರಲ್ಲಿ ಭಾರತವೂ 2011ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವೆಂದು ಘೋಷಿತವಾದುದು ವಿಜ್ಞಾನದ ಮಹತ್ಸಾಧನೆ.

ಇದೇ ಅವಧಿಯಲ್ಲಿ ಒಮ್ಮೆ ಬೆಕ್ಕಿನ ಮೇಲೂ ಅಧಿಕಾರಿಗಳ ದೃಷ್ಟಿ ಬಿದ್ದಿತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ದಖ್ಖಣವನ್ನೆಲ್ಲ ನಡುಗಿಸಿದಾಗ, ವೈದ್ಯಾಧಿಕಾರಿ ಆ್ಯಂಡ್ರೂ ಬುಕನನ್ ಎಂಬಾತನು ಬೆಕ್ಕುಗಳಿರುವ ಮನೆಗಳಲ್ಲಿ ಪ್ಲೇಗು ವಿರಳವೆಂದು ವಾದಿಸಿ, 1908ರಲ್ಲಿ ಬೆಕ್ಕು ಸಾಕುವುದೇ ಪ್ಲೇಗಿನ ತಡೆಯೆಂದು ಲೇಖನ ಪ್ರಕಟಿಸಿದನು. ಆದರೆ ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ಹರಡಬಲ್ಲದು ಎಂಬುದು ಇಂದು ತಿಳಿದ ವಿಷಯ. ಇಲಿ ಹಿಡಿಯುವ ಉಪಕರಣವೆಂದು ಅದನ್ನು ಬಯಸಿದ ಕಾಲದಲ್ಲಿಯೂ, ಅದಕ್ಕೆ ಬರುವ ರೋಗದ ವಿಚಾರವು ಹಿಂದೆಯೇ ಉಳಿಯಿತು. ದೊಡ್ಡರೋಗಕ್ಕೆ ವೈರಾಣುವೇ ಕಾರಣವೆಂದು 1902ರಲ್ಲಿ ಸಿದ್ಧವಾದರೆ, ಬೆಕ್ಕಿನ ಮರಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯ ರೋಗದ ವಿಷಯದಲ್ಲಿ ಅದೇ ಮಾತು ಸಿದ್ಧವಾದುದು 1928ರಲ್ಲಿ.

ಕಲಬುರಗಿಯು 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಹೈದರಾಬಾದಿನಲ್ಲಿ 1946ರಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿಯೂ ಪಶುವೈದ್ಯ ಕಾಲೇಜುಗಳು ಪ್ರಾರಂಭವಾದವು. ನೆರೆಯ ಬೀದರಿಗೆ ಅಂಥ ಕಾಲೇಜು ಬಂದುದು 1985ರಲ್ಲಿ. ಹೀಗೆ ವಿದ್ಯೆಯು ದೂರದಿಂದ ಬಂದು ಮೊದಲು ತಲುಪಿದ್ದು ರೈತನ ಕೊಟ್ಟಿಗೆಯನ್ನು. ಅದು ನ್ಯಾಯವೂ ಆಗಿದ್ದಿತು. ಎತ್ತು ಸತ್ತರೆ ಬಿತ್ತನೆಯೇ ನಿಲ್ಲುತ್ತಿದ್ದ ಕಾಲವದು.

ಬೆಕ್ಕು ಎಣಿಕೆಗೂ ಬಾರದ ಪ್ರಾಣಿ. 1919ರಲ್ಲಿ ಆರಂಭವಾದ ಜಾನುವಾರು ಗಣತಿಯ ಇಪ್ಪತ್ತನೆಯ ಆವೃತ್ತಿಯು 2019ರಲ್ಲಿ ನಡೆಯಿತು. ಅದರಲ್ಲಿ ದನ, ಎಮ್ಮೆ, ಕುರಿ, ಆಡು, ಹಂದಿ, ಕತ್ತೆ, ಒಂಟೆ ಮೊದಲಾದವುಗಳೊಡನೆ ನಾಯಿ, ಮೊಲ, ಆನೆಗಳೂ ಇವೆ, ಬೆಕ್ಕು ಇಲ್ಲ. ಎಣಿಸದುದಕ್ಕೆ ಔಷಧದ ಅಂದಾಜು ಹಾಕುವುದು ಹೇಗೆ? ಆದರೆ ಕಾನೂನು ಈ ಭೇದವನ್ನು ಒಪ್ಪುವುದಿಲ್ಲ. 1960ರ ಪ್ರಾಣಿಹಿಂಸೆ ನಿವಾರಣಾ ಅಧಿನಿಯಮವು ಮನುಷ್ಯನನ್ನುಳಿದು ಸಕಲ ಜೀವಿಗಳನ್ನೂ ಪ್ರಾಣಿಯೆಂದು ಪರಿಗಣಿಸಿ, ಪ್ರಾಣಿಯ ಹೊಣೆ ಹೊತ್ತವನು ಅದರ ಕ್ಷೇಮಕ್ಕೆ ತಕ್ಕ ಕ್ರಮಗಳನ್ನು ಕೈಕೊಳ್ಳಬೇಕೆಂದು ವಿಧಿಸಿದೆ. ರಕ್ಷಣೆಯಿಂದ ಪಾಲನೆಯ ಕಡೆಗೆ ಇಟ್ಟ ಹೆಜ್ಜೆಯಿದು.

5. ಇಂದಿನ ಮರಿಯ ಅಗತ್ಯಗಳು

ಈ ಚರಿತ್ರೆಯು ಕೇವಲ ಗ್ರಂಥದ ವಿಷಯವಲ್ಲ. ದನಕ್ಕೆ ಸಲ್ಲುವ ತಿಳಿವಳಿಕೆಯನ್ನೇ ಬೆಕ್ಕಿಗೂ ಸಲ್ಲಿಸಿದಾಗ ಮರಿಯ ಪ್ರಾಣಕ್ಕೆ ಅಪಾಯ ಒದಗುತ್ತದೆ. ಬೆಕ್ಕು ಶುದ್ಧ ಮಾಂಸಾಹಾರಿ. ಟಾರಿನ್ ಎಂಬ ಸತ್ತ್ವವು ಆಹಾರದಲ್ಲಿ ಇಲ್ಲದಿದ್ದರೆ ಅದರ ಕಣ್ಣಿನ ಪಟಲವು ಕೆಡುವುದೆಂದು 1975ರಲ್ಲಿ ಸಿದ್ಧಪಟ್ಟಿದೆ. ಹಾಲು ಅನ್ನದ ಮೇಲೆಯೇ ಮರಿಯನ್ನು ಬೆಳೆಸುವುದು ಸರಿಯಲ್ಲ. ಆಕಳ ಹಾಲು ಅನೇಕ ಮರಿಗಳಲ್ಲಿ ಭೇದಿಯನ್ನುಂಟುಮಾಡುತ್ತದೆ. ಉಣ್ಣೆ ಚಿಗಟಗಳ ನಾಶಕ್ಕೆ ಇತರ ಪ್ರಾಣಿಗಳಿಗೆ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಸಹ ಅದಕ್ಕೆ ಮಾರಕ, ಏಕೆಂದರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಅತ್ಯಲ್ಪ. ನೆಲ ತೊಳೆಯುವ ಫಿನಾಯಿಲ್ ವರ್ಗದ ದ್ರವಗಳೂ ಹಾನಿಕರ.

ಮರಿಯನ್ನು ತಾಯಿಯಿಂದ ಎಂಟು ವಾರಗಳಿಗೆ ಮೊದಲು ಅಗಲಿಸಬಾರದು. ಮನೆಗೆ ತಂದೊಡನೆ ವೈದ್ಯರಿಗೆ ತೋರಿಸಿ ತೂಕ, ಕಣ್ಣು, ಕಿವಿ, ಒಸಡುಗಳನ್ನು ಪರೀಕ್ಷಿಸಿಸಬೇಕು. ಜಂತುಹುಳುವಿನ ಔಷಧವನ್ನು ಎಳೆವಯಸ್ಸಿನಿಂದಲೇ ಎರಡು ವಾರಗಳಿಗೊಮ್ಮೆ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಕೊಡಿಸುವುದು ಪದ್ಧತಿ. ಪ್ಯಾನ್‌ಲ್ಯುಕೋಪೀನಿಯ ಹಾಗೂ ಎರಡು ಬಗೆಯ ನೆಗಡಿ ರೋಗಗಳ ವಿರುದ್ಧದ ಚುಚ್ಚುಮದ್ದನ್ನು 6ರಿಂದ 8 ವಾರಗಳಲ್ಲಿ ಆರಂಭಿಸಿ, 16 ವಾರಗಳು ತುಂಬುವವರೆಗೆ 3–4 ವಾರಗಳಿಗೊಮ್ಮೆ ಪುನಃ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಸಾಲದೇ ಎಂದು ಕೇಳುವವರುಂಟು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಕಾಂಶವು ಮರಿಯ ರಕ್ತದಲ್ಲಿರುವವರೆಗೆ ಲಸಿಕೆಯನ್ನೂ ನಿಷ್ಫಲಗೊಳಿಸುತ್ತದೆ. ಅದು ಯಾವ ವಾರದಲ್ಲಿ ಕ್ಷೀಣಿಸುವುದೆಂಬುದು ಒಂದೊಂದು ಮರಿಗೂ ಬೇರೆ. ಆದುದರಿಂದಲೇ ಈ ಪುನರಾವರ್ತನೆ. ಪ್ಯಾನ್‌ಲ್ಯುಕೋಪೀನಿಯದಿಂದ ಮರಿಯೊಂದು ಸತ್ತ ಮನೆಯಲ್ಲಿ ವೈರಾಣುವು ಒಂದು ವರ್ಷದವರೆಗೂ ಉಳಿಯಬಲ್ಲದಾದ್ದರಿಂದ, ಲಸಿಕೆಯಾಗದ ಮತ್ತೊಂದು ಮರಿಯನ್ನು ಅಲ್ಲಿಗೆ ತರಬಾರದು.

ರೇಬೀಸ್ ಲಸಿಕೆಯನ್ನು 12 ವಾರಗಳ ವಯಸ್ಸಿನಲ್ಲಿ ಹಾಕಿಸತಕ್ಕದ್ದು. 2021ರಲ್ಲಿ ಪ್ರಕಟವಾದ ರಾಷ್ಟ್ರೀಯ ಯೋಜನೆಯು 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ನಿರ್ಮೂಲ ಮಾಡುವ ಗುರಿಯನ್ನಿಟ್ಟುಕೊಂಡಿದೆ. ಮನುಷ್ಯರಿಗೆ ಈ ರೋಗವು ಬರುವುದು ಬಹುಮಟ್ಟಿಗೆ ನಾಯಿಯಿಂದಲೇ ಎಂಬುದು ನಿಜ. ಆದರೆ ನಾಯಿ ಕಚ್ಚಿದ ಬೆಕ್ಕು ಮಕ್ಕಳ ಹಾಸಿಗೆಯಲ್ಲಿ ಮಲಗುತ್ತದೆ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಮರಿ ಚಿಕ್ಕದೆಂದು ಉಪೇಕ್ಷಿಸದೆ ಆಸ್ಪತ್ರೆಗೆ ಹೋಗಬೇಕು.

ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಜಿಲ್ಲಾಕೇಂದ್ರವಾದ ನಗರದಲ್ಲಿ ಕೇಳುವವರು ಹೆಚ್ಚಿದಂತೆ ಬೆಕ್ಕಿನ ಲಸಿಕೆಯೂ ಸಿಕ್ಕೀತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಬಹುಕಾಲ ಕಲಬುರಗಿ ತಾಲ್ಲೂಕಿನ ಭಾಗವಾಗಿದ್ದು, ಈಗ ತಾನೇ ತಾಲ್ಲೂಕಾಗಿದೆ. ಅಂಥ ಊರುಗಳಲ್ಲಿ ಕೇಳಿಕೆಯಿಲ್ಲದೆ ಲಸಿಕೆಯಿಲ್ಲ, ಲಸಿಕೆಯಿಲ್ಲದೆ ಕೇಳಿಕೆಯೂ ಇಲ್ಲ ಎಂಬ ಸುಳಿಯು ಏರ್ಪಡುವ ಸಂಭವವುಂಟು. ಮರಿಯನ್ನು ತಂದವರು ವೈದ್ಯರನ್ನು ಮುಂಚಿತವಾಗಿ ವಿಚಾರಿಸಿ, ನಾಲ್ಕಾರು ಮನೆಯವರು ಕೂಡಿ ಲಸಿಕೆ ತರಿಸಿಕೊಳ್ಳುವುದು ಇದಕ್ಕೊಂದು ಉಪಾಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಬೆಕ್ಕು ವೈದ್ಯದಿಂದ ದೂರ ಉಳಿದದ್ದು ಜನರ ನಿರ್ದಯತೆಯಿಂದಲ್ಲ. ರಾಜ್ಯದ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲದೆ ಹೋದುದರಿಂದ. ಯುದ್ಧವು ಕುದುರೆಗೂ ಬೇಸಾಯವು ಎತ್ತಿಗೂ ವೈದ್ಯನನ್ನು ಒದಗಿಸಿತು. ಬೆಕ್ಕಿಗೆ ಅವನನ್ನು ಒದಗಿಸಬೇಕಾದುದು ಮನೆಯವರ ವಿವೇಕ. ಗೋವೈದ್ಯವು ಹುಟ್ಟಿದ ಈ ನೆಲದಲ್ಲಿ ಅದು ಹೊಸ ಧರ್ಮವೇನಲ್ಲ, ಹಳೆಯ ಧರ್ಮದ ವಿಸ್ತಾರ ಮಾತ್ರ. ತರಗತಿಗಳಲ್ಲಿ ಚಾಲುಕ್ಯರ ಶಾಸ್ತ್ರಗ್ರಂಥಗಳನ್ನು ಪಾಠ ಹೇಳುವ ಅಧ್ಯಾಪಕರು, ಅವುಗಳಲ್ಲಿ ಯಾವ ಪ್ರಾಣಿಗಳಿವೆ ಎಂಬುದರೊಡನೆ ಯಾವುವು ಇಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ತೋರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.