ಕೆರೆಯ ಬೇಸಗೆ

ಕೆಲವು ತಿಂಗಳ ಹಿಂದೆ ತರಗತಿಯಲ್ಲಿ ಒಂದು ಕೆರೆಯ ಶಾಸನವನ್ನು ಪಾಠ ಹೇಳುತ್ತಿದ್ದೆ. ಕೆರೆಯ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ಭೂಮಿ ಬಿಟ್ಟ ಸಂಗತಿ ಅದರಲ್ಲಿತ್ತು. ನಮ್ಮ ಶಾಸನಗಳಲ್ಲಿ ಇಂಥ ದತ್ತಿ ಅಪರೂಪವಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಕೆರೆಗೆ ಬೇಕಾದದ್ದು ದೋಣಿಯಲ್ಲವೆ ಸಾರ್, ಬಂಡಿಯೇಕೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದಮೇಲೆ ಯೋಚನೆಗಿಟ್ಟುಕೊಂಡಿತು. ಆ ಹುಡುಗ ಬೆಳೆದದ್ದು ಬೆಂಗಳೂರಿನಲ್ಲಿ. ಬತ್ತಿದ ಕೆರೆಯೊಳಕ್ಕೆ ಬಂಡಿ ಇಳಿಯುವುದನ್ನು ಅವನು ಎಲ್ಲಿ ಕಂಡಾನು?

ನಾನು ಕಂಡಿದ್ದೇನೆ. ಬಯಲುಸೀಮೆಯ ಇತರ ಕೆರೆಗಳಂತೆಯೇ ನಮ್ಮೂರ ಕೆರೆಗೂ ಅಗಲ ಹೆಚ್ಚು, ಆಳ ಕಡಮೆ. ವರ್ಷದಲ್ಲಿ ಅದರ ನೀರಿಗೆ ಮೂರು ಬಣ್ಣ. ಮಳೆಗಾಲದ ಹೊಸನೀರು ಹೊಲಗಳ ಮಣ್ಣನ್ನು ಹೊತ್ತು ತಂದಾಗ ಕೆಂಪು. ಆಗ ನಮ್ಮಜ್ಜಿ ಕೊಡದ ಒಳಮೈಗೆ ಚಿಲ್ಲದ ಬೀಜವನ್ನು ತೇದು ಬಗ್ಗಡವನ್ನು ತಳಕ್ಕಿಳಿಸುತ್ತಿದ್ದರು. ಕಾರ್ತಿಕ ಕಳೆಯುವ ಹೊತ್ತಿಗೆ ಮಣ್ಣು ಕೂತು ನೀರು ತಿಳಿ. ಶಿವರಾತ್ರಿ ದಾಟಿತೆಂದರೆ ಹಸುರು.

ಈ ಹಸುರಿಗೆ ಕಾರಣವುಂಟು. ನೀರು ತೆಳುವಾದಂತೆ ಬಿಸಿಲು ತಳಮುಟ್ಟುತ್ತದೆ. ಗಾಳಿ ಬೀಸಿದರೆ ತಳದ ಸಾರವೆಲ್ಲ ಮೇಲಕ್ಕೆ ಕದಡುತ್ತದೆ. ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲೆಲ್ಲ ನೀರಿಗೆ ಪ್ರಾಣವಾಯು ತುಂಬುವ ಪಾಚಿ ರಾತ್ರಿ ಅದನ್ನು ತಾನೇ ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಇದರಿಂದಲೇ. ನೀರು ಆವಿಯಾದರೂ ಉಪ್ಪು ಆವಿಯಾಗದು. ಆದ್ದರಿಂದ ಉಳಿದ ನೀರು ದಿನೇ ದಿನೇ ಗಡಸಾಗುತ್ತದೆ.

ಕೊನೆಗೆ ಕೆರೆ ಬತ್ತುತ್ತಿತ್ತು. ತಳ ಬಿರುಕುಬಿಟ್ಟು ಗಾಳಿಯಾಡುತ್ತಿತ್ತು. ಕೊಳೆತದ್ದು ಮಣ್ಣಿನ ಸಾರವಾಗುತ್ತಿತ್ತು, ನೀರಕಳೆ ಒಣಗುತ್ತಿತ್ತು. ಆಗ ಬಂಡಿಗಳು ಇಳಿಯುತ್ತಿದ್ದವು. ಕೆರೆಯ ಗೋಡು ಹೊಲಕ್ಕೆ ಗೊಬ್ಬರ. ಹೊಲದಿಂದ ಬಂದ ಮಣ್ಣು ಹೊಲಕ್ಕೇ ಹಿಂತಿರುಗಿದಂತಾಯಿತು. ಒಳ್ಳೆಯ ಮಳೆಯಾದ ವರ್ಷ ಕೆರೆ ಕೋಡಿಬಿದ್ದು ಉಪ್ಪೂ ತೊಳೆದುಹೋಗುತ್ತಿತ್ತು.

ನಮ್ಮ ಹಿರಿಯರು ಕೆರೆಯೆಂದರೆ ನೀರಿನ ಪ್ರಮಾಣವೊಂದನ್ನೇ ನೋಡಿದವರಲ್ಲ. ಈಗಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯೊಂದಿದೆ. ಅಲ್ಲಿನ 1369ರ ಸಂಸ್ಕೃತ ಶಾಸನದ ಪ್ರಕಾರ ಅದಕ್ಕಾಗಿ 1000 ಆಳುಗಳೂ 100 ಬಂಡಿಗಳೂ 2 ವರ್ಷ ದುಡಿದುವು. ಉತ್ತಮ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಆ ಶಾಸನ ಎಣಿಸಿಕೊಡುತ್ತದೆ. ಸಿಹಿನೀರಿನ ಹೊಳೆ ಅಂಗಗಳಲ್ಲೊಂದು. ಚೌಳು ನೆಲ ದೋಷಗಳಲ್ಲೊಂದು. ಏರಿ ಕಟ್ಟುವ ಮುನ್ನವೇ ನೀರಿನ ಗುಣದ ವಿಚಾರ ನಡೆದಿತ್ತೆಂಬುದರಲ್ಲಿ ಸಂದೇಹವಿಲ್ಲ.

ಕಟ್ಟಿದಮೇಲೆ ಕಾಪಾಡುವುದಕ್ಕೂ ಏರ್ಪಾಡಿತ್ತು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದು ಶಾಸನಗಳಲ್ಲಿ ಬರುವ ಮಾತುಗಳನ್ನು ನಾವು ಮೇಷ್ಟರುಗಳು ಅರ್ಥ ಬರೆಸಿ ಮುಂದೆ ಹೋಗುತ್ತೇವೆ. ಅವೆಲ್ಲ ಕೆರೆಯನ್ನು ಕಟ್ಟಿ ಉಳಿಸುವುದಕ್ಕೆ ಊರು ತೆಗೆದಿಟ್ಟ ಪಾಲು. ಮುಂದೆ ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳಿಗೆ ಕಾಯಿದೆ ಮಾಡಿದ್ದೂ ಆ ಹೊಣೆ ಸಡಿಲವಾಗುತ್ತಿದ್ದುದರಿಂದಲೇ ಇರಬೇಕು.

ಈಗ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೋಡಿ. ಒಂದು ಕಾಲಕ್ಕೆ ಗದ್ದೆಗಳಿಗೆ ನೀರುಣಿಸಿದ ಕೆರೆ ಅದು. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2018ರಲ್ಲಿ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರೇ ಬರಬೇಕಾಯಿತು. ಊರಿನ ಕೊಳಚೆ ಹಗಲಿರುಳು, ಹನ್ನೆರಡು ತಿಂಗಳೂ ಹರಿದುಬರುವ ಕೆರೆಗೆ ಮಳೆಗಾಲವೇನು, ಬೇಸಗೆಯೇನು? ಬತ್ತದ ಕೆರೆಯಲ್ಲಿ ಕೊಳೆ ಕಳೆಯುವ ಸಮಯವೇ ಇರುವುದಿಲ್ಲ.

2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗತೊಡಗಿತು. ವರ್ಷಗಟ್ಟಲೆ ಒಣಗಿದ ಕೆರೆಯನ್ನೇ ಕಂಡಿದ್ದ ರೈತನಿಗೆ ತುಂಬಿದ ಕೆರೆ ಹಬ್ಬವೇ ಸರಿ. ಬಾವಿಗಳಲ್ಲಿ ನೀರು ಮೇಲೆದ್ದುದೂ ನಿಜ. ಅದನ್ನು ಹಳಿಯುವ ಹಕ್ಕು ನಲ್ಲಿ ತಿರುಗಿಸಿ ನೀರು ಕಾಣುವ ನನಗಿಲ್ಲ. ಆದರೆ ಮಳೆಯನ್ನು ನಂಬಿದ ಕೆರೆಗೆ ಪ್ರಕೃತಿಯೇ ಬೇಸಗೆಯನ್ನು ಕೊಡುತ್ತಿತ್ತು. ವರ್ಷವಿಡೀ ಹೊರಗಿನ ನೀರನ್ನು ತುಂಬಿಸಿಕೊಳ್ಳುವ ಕೆರೆಗೆ ನಾವೇ ಅದನ್ನು ಕೊಡಬೇಕು. ಸರದಿಯ ಮೇಲೆ ಒಂದೊಂದು ಕೆರೆಯನ್ನು ಒಣಗಲು ಬಿಟ್ಟು, ಹೂಳೆತ್ತಿ, ಮಣ್ಣು ಶುದ್ಧವಾಗಿದೆಯೇ ಎಂದು ಪರೀಕ್ಷಿಸಿ ಹೊಲಕ್ಕೆ ಕಳುಹಿಸುವುದು ಅಸಾಧ್ಯವೇನಲ್ಲ. ಅದಕ್ಕೂ ಹಣ ಬೇಕು, ಹೊಣೆ ಹೊರುವವರು ಬೇಕು. ಕೋಣಗಳ ಮೇವಿಗೆಂದು ಭೂಮಿ ಬಿಟ್ಟವರಿಗೆ ಈ ಲೆಕ್ಕ ಗೊತ್ತಿತ್ತು.

ಮರುವಾರ ತರಗತಿಯಲ್ಲಿ ಆ ಹುಡುಗನಿಗೆ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈಗ ಆ ಬಂಡಿಯ ಭೂಮಿ ಯಾರ ಹತ್ತಿರ ಇದೆ ಸಾರ್?” ಎಂದ. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.