ಭೂಪಟ ಎಂದರೆ ಅಂಕ ಸಿಗುತ್ತದೆ

ಓದುಗರು ಒತ್ತಿ, ಬದಲಿಸಿ ನೋಡಬಹುದಾದ ಸಂವಾದಿ ಇನ್ಫೋಗ್ರಾಫಿಕ್ ಒಂದನ್ನು ತೆರೆದಿಟ್ಟು ಇದು ಯಾವ ಬಗೆಯದು ಎಂದು ಕೇಳಿ. ಟೆಕ್ಸಾಸ್‌ನ ಡಲ್ಲಾಸ್ ಬಳಿಯ ಲಿಟಲ್ ಎಲ್ಮ್ ಕಡೆಯ ಮಕ್ಕಳು ತಡವರಿಸುವುದಿಲ್ಲ: ಭೂಪಟ, ಟೈಮ್‌ಲೈನ್, ಬಾರ್ ಗ್ರಾಫ್. ಉತ್ತರ ಸರಿ, ಅಂಕವೂ ಸಿಗುತ್ತದೆ. ಕಂಡ ಆಕಾರಕ್ಕೆ ಹೆಸರಿಡುವುದನ್ನೇ ವರ್ಗೀಕರಣವೆಂದು ಕಲಿಸುವ ಈ ರೂಢಿ ನಮ್ಮ ಇನ್ಫೋಗ್ರಾಫಿಕ್ ಕ್ಷೇತ್ರವನ್ನು ಮೂವತ್ತು ವರ್ಷ ಹಿಂದಕ್ಕೆ ತಳ್ಳುತ್ತಿದೆ.

ನಕ್ಷೆಗಳ ಹಳೆಯ ಕಥೆ ಬೇಗ ಮುಗಿಯುತ್ತದೆ. ವಿಲಿಯಂ ಪ್ಲೇಫೇರ್ 1786ರಲ್ಲಿ ಗೆರೆ ಮತ್ತು ಕಂಬಗಳ ನಕ್ಷೆಗಳನ್ನು, 1801ರಲ್ಲಿ ಪೈ ಚಾರ್ಟನ್ನು ಅಚ್ಚು ಹಾಕಿಸಿದ. ಫ್ರಾನ್ಸಿನ ಝಾಕ್ ಬರ್ತಾಂ 1967ರಲ್ಲಿ ನಕ್ಷೆಯೊಳಗಿನ ಗಾತ್ರ, ಬಣ್ಣ, ದಿಕ್ಕುಗಳಿಗೊಂದು ವ್ಯಾಕರಣ ಕಟ್ಟಿದ. 1983ರಲ್ಲಿ ಎಡ್ವರ್ಡ್ ಟಫ್ಟಿ ನಕ್ಷೆಗಳಿಂದ ಅಲಂಕಾರದ ಕಸ ಗುಡಿಸಿದರು. ಅಲ್ಲಿಯವರೆಗೆ ನಕ್ಷೆ ಹಾಳೆಯ ಮೇಲೆ ಅಲುಗಾಡದೆ ನಿಂತಿತ್ತು, ಆಕಾರ ನೋಡಿ ಹೆಸರಿಟ್ಟರೆ ಸಾಕಿತ್ತು.

ನಕ್ಷೆ ಪರದೆಗೆ ಬಂದ ಮೇಲೆ, 1996ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಬೇರೆಯದೇ ಪ್ರಶ್ನೆ ಕೇಳಿದರು: ನೋಡುವವರು ಇಲ್ಲಿ ಏನೇನು ಮಾಡಬಹುದು? ಅವರ ಉತ್ತರ: ಮೊದಲು ಇಡೀ ನೋಟ, ಆಮೇಲೆ ಹತ್ತಿರ ಹೋಗಿ ಸೋಸುವುದು, ಬೇಕೆಂದಾಗ ವಿವರ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಡ್ವರ್ಡ್ ಸೀಗಲ್ ಮತ್ತು ಜೆಫ್ರಿ ಹೀರ್ ಪ್ರಬಂಧವೊಂದರಲ್ಲಿ ಕಥೆ ಹೇಳುವ ನಕ್ಷೆಗಳ ಏಳು ಪ್ರಕಾರಗಳನ್ನು ಪಟ್ಟಿ ಮಾಡಿದರು. ಎಲ್ಲರೂ ಪಟ್ಟಿಯನ್ನಷ್ಟೇ ನೆನಪಿಟ್ಟುಕೊಂಡರು. ನಮ್ಮ ಪೀಳಿಗೆಯನ್ನು ಹಿಡಿದಿಟ್ಟದ್ದು ಅದೇ ಪ್ರಬಂಧದ ಇನ್ನೊಂದು ಭಾಗ: ಕಥೆಯ ಲಗಾಮು ಯಾರ ಕೈಯಲ್ಲಿದೆ? ಲೇಖಕರೇ ನಡೆಸುತ್ತಾರೋ, ಓದುಗರನ್ನು ಅಲೆಯಲು ಬಿಡುತ್ತಾರೋ, ಇಲ್ಲ ಸ್ವಲ್ಪ ದೂರ ನಡೆಸಿ ಆಮೇಲೆ ಬಿಟ್ಟುಕೊಡುತ್ತಾರೋ? 2011ರಲ್ಲಿ ಸಂವಾದಿ ನಕ್ಷೆ ಕಟ್ಟುವ ಡಿ3 ತಂತ್ರಾಂಶ ಬಂತು. ಮರುವರ್ಷ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ನೈಟ್ ಸೆಂಟರ್ ಮೂಲಕ ಆಲ್ಬರ್ಟೊ ಕೈರೊ ಇನ್ಫೋಗ್ರಾಫಿಕ್ ಕುರಿತ ಉಚಿತ ಆನ್‌ಲೈನ್ ಕೋರ್ಸ್ ನಡೆಸಿದರು. ನಮ್ಮಲ್ಲಿ ಅನೇಕರಿಗೆ ಅದೇ ಗುರುಕುಲ.

ಪಾಠಕ್ಕೆ ಸಾಮಗ್ರಿಯೂ ಟೆಕ್ಸಾಸ್‌ನಲ್ಲೇ ಸಿಕ್ಕಿತು. ಟೆಕ್ಸಾಸ್ ಟ್ರಿಬ್ಯೂನ್ ಸುದ್ದಿತಾಣದ ಸರ್ಕಾರಿ ಸಂಬಳಗಳ ಪುಟದಲ್ಲಿ ಓದುಗರೇ ಹುಡುಕಬೇಕು, ಕಥೆ ಹೇಳುವವರು ಯಾರೂ ಇಲ್ಲ. ಅದೇ ತಾಣ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ ಜೊತೆ ಸೇರಿ 2016ರಲ್ಲಿ ‘ಹೆಲ್ ಅಂಡ್ ಹೈ ವಾಟರ್’ ಪ್ರಕಟಿಸಿತು. ದೊಡ್ಡ ಚಂಡಮಾರುತ ಬಂದರೆ ಹ್ಯೂಸ್ಟನ್ ಹಡಗು ಕಾಲುವೆಯ ತೈಲ ಸಂಸ್ಕರಣಾಗಾರಗಳ ಮೇಲೆ ಸಮುದ್ರ ಹೇಗೆ ನುಗ್ಗುತ್ತದೆ ಎಂಬುದನ್ನು ಅದು ಭೂಪಟದ ಮೇಲೆ ತೋರಿಸುತ್ತದೆ. ಇದನ್ನೂ ‘ಭೂಪಟ’ ಎಂದು ಬರೆದು ಮುಗಿಸಬಹುದು. ಆದರೆ ಆ ನೀರು ಲೆಕ್ಕಾಚಾರದ ಮಾದರಿಯಿಂದ ಬಂದದ್ದು, ಚಂಡಮಾರುತಗಳನ್ನು ಆರಿಸಿದವರು ಸಂಪಾದಕರು ಮತ್ತು ವಿಜ್ಞಾನಿಗಳು. ವಿದ್ಯಾರ್ಥಿ ವಿಂಗಡಿಸಬೇಕಾದದ್ದು ಇದನ್ನು: ಯಾವುದು ಮಾದರಿಯ ಲೆಕ್ಕ, ಯಾವುದು ಯಾರ ಆಯ್ಕೆ, ಓದುಗರ ಕೈಗೆ ಬಿಟ್ಟದ್ದೇನು.

ಶಾಲೆಗಳು ಏನೂ ಮಾಡಿಲ್ಲ ಎನ್ನಲಾಗದು. ಟೆಕ್ಸಾಸ್ ರಾಜ್ಯ 2017ರಲ್ಲಿ ಅಂಗೀಕರಿಸಿದ ಭಾಷಾ ಪಠ್ಯಕ್ರಮದಲ್ಲಿ ಡಿಜಿಟಲ್ ಪಠ್ಯಗಳ ಲಕ್ಷಣ ಗುರುತಿಸುವ ಅಂಶವಿದೆ. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ಶುರು ಮಾಡಿದ ಗ್ರಾಫ್ ಓದುವ ಪಾಠಗಳಂತೂ ನನಗೆ ಇವತ್ತಿಗೂ ಅಚ್ಚುಮೆಚ್ಚು. ನೀವೇನು ಗಮನಿಸಿದಿರಿ ಎಂದು ಅವು ಮೊದಲು ಕೇಳುತ್ತವೆ. ಆದರೆ ಪಠ್ಯಕ್ರಮದ ‘ಲಕ್ಷಣ ಗುರುತಿಸುವುದು’ ತರಗತಿಗೆ ಬರುವ ಹೊತ್ತಿಗೆ ಹೆಸರಿನ ಚೀಟಿ ಅಂಟಿಸುವುದಷ್ಟೇ ಆಗಿರುತ್ತದೆ. ಏನನ್ನು ಸೋಸಲು ಬಿಟ್ಟಿಲ್ಲ, ಯಾವ ಗುಂಡಿ ಇಲ್ಲ ಎಂದು ಕೇಳುವ ಪಾಠ ಅಪರೂಪ.

ಕನ್ನಡದಲ್ಲಿ ಇಂಥ ಪಾಠ ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಡಲ್ಲಾಸ್ ಸುತ್ತಲಿನ ವಾರಾಂತ್ಯದ ಕನ್ನಡ ತರಗತಿಗಳವರಲ್ಲಿ ಒಂದು ಕೋರಿಕೆ. ಜನಗಣತಿಯ ಪ್ರಕಾರ ಲಿಟಲ್ ಎಲ್ಮ್‌ನ ಜನಸಂಖ್ಯೆ 2000ದಲ್ಲಿ 3,646 ಇದ್ದದ್ದು 2020ರಲ್ಲಿ 46,453. ಈ ಏರಿಕೆಯ ಸಂವಾದಿ ನಕ್ಷೆಯೊಂದನ್ನು ಮಕ್ಕಳ ಮುಂದಿಡಿ. ಹೆಸರು ಕೇಳಬೇಡಿ, ಇದರಲ್ಲಿ ನಿನಗೆ ಏನು ಬದಲಿಸಲು ಆಗುತ್ತದೆ, ಏನು ಆಗುವುದಿಲ್ಲ ಎಂದು ಕನ್ನಡದಲ್ಲಿ ಹೇಳಿಸಿ.